ಫೋನಿನಲ್ಲಿ ಮುಚ್ಚಿದ ಅಂಗಡಿ

"ಅಯ್ಯೋ, ನಿಮ್ಮ ಅಂಗಡಿ ಮುಚ್ಚಿಹೋಗಿದೆಯಂತಲ್ಲಮ್ಮ! ನನ್ನ ವಾಚ್ ಒಳಗೇ ಸಿಕ್ಕಿಹಾಕಿಕೊಳ್ತು ಅಂತ ಓಡಿ ಬಂದೆ" ಎಂದರು ಕನ್ನಡಕದ ತಾತ. ಹಾಗೆ ಹೇಳುವಾಗ ಅವರು ನಿಂತಿದ್ದದ್ದು ಅಂಗಡಿಯ ಒಳಗೇ!

ಅಮ್ಮ ನಗುತ್ತಾ ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದಳು. "ಮುಚ್ಚಿದ್ರೆ ನಾನಿಲ್ಲಿ ಏನು ಮಾಡ್ತಿದೀನಿ ತಾತ?"

"ನನ್ನ ಕೇಳಿದ್ರೆ? ಫೋನಿನ ಮ್ಯಾಪ್ ಹೇಳ್ತಿದೆ. 'ವಾಚ್ ರಿಪೇರಿ ಅಂಗಡಿ, ಶಾಶ್ವತವಾಗಿ ಮುಚ್ಚಿದೆ.' ನೋಡು!"

ಅಮ್ಮನ ನಗು ಅಲ್ಲೇ ನಿಂತಿತು. "ಅದಕ್ಕೇನಾ ವಾರದಿಂದ ಹೊಸಬರು ಒಬ್ಬರೂ ಬರ್ತಿಲ್ಲ! ಹೀಗೇ ಆದ್ರೆ ನಿಜವಾಗ್ಲೂ ಬಾಗಿಲು ಹಾಕ್ಬೇಕಾಗುತ್ತೆ."

ಮೂಲೆಯಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದ ಮಗಳು ಗುಬ್ಬಿ ತಟ್ಟನೆ ತಲೆ ಎತ್ತಿದಳು.

ಕಳೆದ ವಾರ ಅಮ್ಮನ ಫೋನಿನಲ್ಲಿ ಮ್ಯಾಪ್‌ನಿಂದ ಒಂದು ಪ್ರಶ್ನೆ ಬಂದಿತ್ತು: 'ಈ ಅಂಗಡಿ ಮುಚ್ಚಿದೆಯೇ?' ಆಗ ಅಮ್ಮ ಶಟರ್ ಎಳೆದುಕೊಂಡು ಊಟ ಮಾಡುತ್ತಿದ್ದಳು. ಮುಚ್ಚಿದೆಯಲ್ಲ! ಗುಬ್ಬಿ 'ಹೌದು' ಒತ್ತಿದಳು. ಬಹುಮಾನವಾಗಿ ಹತ್ತು ಸ್ಟಾರ್ ಬಂತು. ಕುಣಿದೂ ಬಿಟ್ಟಳು. ಮುಚ್ಚಿರುವುದು ಊಟಕ್ಕೋ, ಶಾಶ್ವತವಾಗಿಯೋ ಎಂದು ಫೋನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

"ಅಮ್ಮಾ... ಅಂಗಡಿ ಮುಚ್ಚಿದ್ದು ನಾನೇ" ಎಂದು ಗುಬ್ಬಿ ಅಳುತ್ತಾ ಎಲ್ಲವನ್ನೂ ಹೇಳಿದಳು.

ಅಮ್ಮ ಹಣೆ ಚಚ್ಚಿಕೊಂಡಳು. ಆಮೇಲೆ ನಗು ತಡೆಯಲಾಗಲಿಲ್ಲ. "ಅಷ್ಟು ದೊಡ್ಡ ಮ್ಯಾಪ್ ಕಂಪನಿಗೆ ಕೇಳೋಕೆ ನೀನೇ ಸಿಕ್ಕಿದ್ಯಾ? ನನಗೊಂದು ಫೋನ್ ಮಾಡ್ಬಾರ್ದಿತ್ತಾ?"

"ಈಗ ನಾವೇ ಮಾಡೋಣ!" ಗುಬ್ಬಿ ಕಂಪನಿಯ ನಂಬರ್ ಹುಡುಕಿದಳು. ಎಲ್ಲಿ ಹುಡುಕಿದರೂ ನಂಬರೇ ಇಲ್ಲ. 'ಅಂಗಡಿ ತೆರೆದಿದೆ' ಎಂದು ಬರೆದು ಕಳಿಸಿದರೆ, 'ಪರಿಶೀಲಿಸುತ್ತೇವೆ' ಎಂಬ ಉತ್ತರ ತಟಕ್ಕನೆ ಬಂತು. ಯಾವಾಗ ಎಂದು ಕೇಳಿದರೂ ಅದೇ ಉತ್ತರ.

"ಮುಚ್ಚೋಕೆ ಒಂದು ಸೆಕೆಂಡು, ತೆಗೆಯೋಕೆ ಒಂದು ಯುಗಾನಾ?" ತಾತ ಗೊಣಗಿದರು.

ಗುಬ್ಬಿ ಮೂಗು ಒರೆಸಿಕೊಂಡು ಒಂದು ರಟ್ಟು ಹುಡುಕಿದಳು. ದಪ್ಪ ಅಕ್ಷರದಲ್ಲಿ ಬರೆದು ಬಸ್ ಸ್ಟಾಪಿನಲ್ಲಿ ಹಿಡಿದು ನಿಂತಳು: 'ವಾಚ್ ರಿಪೇರಿ ಅಂಗಡಿ ಮುಚ್ಚಿಲ್ಲ! ನಮ್ಮಮ್ಮ ಒಳಗೇ ಇದ್ದಾಳೆ!'

ಓದಿದವರೆಲ್ಲ ನಕ್ಕರು. ನಕ್ಕವರಲ್ಲಿ ಕೆಲವರು ಕೈಯಲ್ಲಿದ್ದ ನಿಂತ ವಾಚು ನೋಡಿಕೊಂಡರು. ಸಂಜೆಯ ಹೊತ್ತಿಗೆ ಅಮ್ಮನ ಮೇಜಿನ ಮೇಲೆ ಐದು ವಾಚುಗಳಿದ್ದವು. ಮ್ಯಾಪ್ ಕಣ್ಣು ಬಿಟ್ಟು 'ತೆರೆದಿದೆ' ಎಂದದ್ದು ಹತ್ತು ದಿನದ ಮೇಲೆ.

ಅದರ ಮರುದಿನ ಮಧ್ಯಾಹ್ನ ಫೋನು ಮತ್ತೆ ಕೇಳಿತು: 'ಪಕ್ಕದ ಟೈಲರ್ ಅಂಗಡಿ ಮುಚ್ಚಿದೆಯೇ? ಇಪ್ಪತ್ತು ಸ್ಟಾರ್ ಗೆಲ್ಲಿ!'

ಗುಬ್ಬಿ ಇಣುಕಿ ನೋಡಿದಳು. ಶಟರ್ ಮುಕ್ಕಾಲು ಇಳಿದಿತ್ತು. ಇಪ್ಪತ್ತು ಸ್ಟಾರ್! ಆದರೆ ಬೆರಳು ಮುಂದೆ ಹೋಗಲಿಲ್ಲ. ಅವಳು ಶಟರಿನ ಸಂದಿಗೆ ಬಾಗಿ ಕೂಗಿದಳು.

"ಟೈಲರ್ ಮಾಮಾ, ಊಟ ಮಾಡ್ತಿದ್ದೀರಾ?"

"ಹೂಂ ಕಣೇ! ಬಾ, ನೀನೂ ಕೂತ್ಕೋ!"

ಗುಬ್ಬಿ ಫೋನನ್ನು ಅಮ್ಮನ ಮೇಜಿನ ಮೇಲಿಟ್ಟು ಬಂದು, ಶಟರಿನ ಕೆಳಗೆ ನುಸುಳಿದಳು.