ಎರಡನೇ ಗಿಳಿ

"ಆ ಕಿವಿ ಯಾರದ್ದೇ?"

ಫೋನ್ ಎತ್ತಿದ ಕೂಡಲೇ ಅತ್ತಿಗೆ ಕೇಳಿದ ಮೊದಲ ಪ್ರಶ್ನೆ ಇದು. ಊಟ ಆಯ್ತಾ ಅಂತ ಇಲ್ಲ, ಹೇಗಿದ್ದೀಯ ಅಂತ ಇಲ್ಲ. ನೇರ ಕಿವಿಗೇ ಕೈ ಹಾಕಿದರು.

"ಯಾವ ಕಿವಿ ಅತ್ತಿಗೆ?"

"ನಾಟಕ ಸಾಕು. ಸ್ಟುಡಿಯೋದ ದೊಡ್ಡ ಟಿವಿಯಲ್ಲಿ ಬೆಳಗ್ಗೆಯಿಂದ ಒಂದು ಕಿವಿ ಬಂದು ಬಂದು ಹೋಗ್ತಾ ಇದೆ. ಹಿಂದಿನಿಂದ ಬಿಸಿಲು ಬಿದ್ದು ಕೆಂಪಗೆ ಹೊಳೀತಿದೆ. ಪಾಸ್‌ಪೋರ್ಟ್ ಫೋಟೋಗೆ ಬಂದವರು ತಲೆ ಬಾಚ್ಕೊಳ್ಳೋದು ಬಿಟ್ಟು ಅದನ್ನೇ ನೋಡ್ತಾ ಕೂತಿದ್ದಾರೆ. ಕಿವಿ ಆದ್ಮೇಲೆ ಮೊಣಕೈ. ಮೊಣಕೈ ಆದ್ಮೇಲೆ ಬೆನ್ನು. ಒಂದರಲ್ಲಂತೂ ತುಟಿ ಮಧ್ಯೆ ಸ್ಕ್ರೂ ಕಚ್ಕೊಂಡು ನಗ್ತಾ ಇದ್ದಾನೆ ಮಹಾರಾಯ!"

ನಾನು ಮೇಜಿನ ಮೇಲಿದ್ದ ಟ್ಯಾಬ್ಲೆಟ್ ಕಡೆ ನೋಡಿದೆ. ಅದು ಏನೂ ತಿಳಿಯದ ಪಾಪದ ಪ್ರಾಣಿಯ ಹಾಗೆ ಚಾರ್ಜ್ ಆಗುತ್ತಾ ಮಲಗಿತ್ತು.

ತಪ್ಪು ಅದರದ್ದಲ್ಲ, ನನ್ನದೇ. ಟ್ಯಾಬ್ಲೆಟ್ ನಮ್ಮ ಸ್ಟುಡಿಯೋದ್ದು. ಅದರೊಳಗೆ ಇಳಿಸಿದ ಫೋಟೋಗಳೆಲ್ಲ ವೈಫೈ ಸಿಕ್ಕ ಕೂಡಲೇ ಸ್ಟುಡಿಯೋದ ಖಾತೆಗೆ ಹಾರಿ, ಅಲ್ಲಿಂದ ಗಿರಾಕಿಗಳ ಮುಂದಿನ ಟಿವಿಯಲ್ಲಿ ಒಂದೊಂದಾಗಿ ತೆರೆದುಕೊಳ್ಳುತ್ತವೆ. ಅಣ್ಣನೇ ಹಾಗೆ ಜೋಡಿಸಿಟ್ಟಿದ್ದ. ಹನ್ನೊಂದು ದಿನ ನಾವು ತಂಗಿದ ಯಾವ ಲಾಡ್ಜಿನಲ್ಲೂ ವೈಫೈ ಇರಲಿಲ್ಲ, ನಾನು ಮರೆತೇಬಿಟ್ಟಿದ್ದೆ. ನಿನ್ನೆ ಸಂಜೆ ಬಂದಿಳಿದ ಈ ಗೆಸ್ಟ್ ಹೌಸಿನ ವೈಫೈ ಮಾತ್ರ ಕಟ್ಟು ಬಿಚ್ಚಿದ ಕುದುರೆ. ಬೆಳಗಾಗುವಷ್ಟರಲ್ಲಿ ನನ್ನ ಹನ್ನೊಂದು ದಿನಗಳನ್ನೂ ಬೆನ್ನ ಮೇಲೆ ಹೇರಿಕೊಂಡು ಮನೆ ಮುಟ್ಟಿಸಿತ್ತು.

ಆ ಕಿವಿ ಗಡಿಯಾರದವರದ್ದು.

ಗೋಪುರದ ಗಡಿಯಾರಗಳನ್ನು ಬಿಚ್ಚಿ ರಿಪೇರಿ ಮಾಡುವುದು ಅವರ ಕೆಲಸ. ಬಿಚ್ಚುವ ಮುಂಚೆ ಒಂದೊಂದು ಹಲ್ಲುಚಕ್ರ, ಒಂದೊಂದು ಮೊಳೆ ಎಲ್ಲಿ ಹೇಗೆ ಕೂತಿತ್ತೆಂದು ಫೋಟೋ ತೆಗೆಯುವುದು ನನ್ನ ಕೆಲಸ. ಐದು ಊರು, ಐದು ಗೋಪುರ. ಫೋಟೋ ಕಳೆದರೆ ನೂರು ವರ್ಷದ ಗಡಿಯಾರ ಬಿಡಿಭಾಗಗಳ ಗುಡ್ಡೆಯಾಗಿ ಉಳಿಯುತ್ತದೆ.

ಮೊದಲ ದಿನ ಮೊದಲ ಗೋಪುರದಲ್ಲಿ ಅವರು ಕೇಳಿದ್ದು ನನ್ನ ಹೆಸರನ್ನಲ್ಲ. "ಫೋಟೋದವರೇ, ಕ್ಯಾಮೆರಾದ ಕಾರ್ಡ್ ಕೆಟ್ಟರೆ?"

"ಇದುವರೆಗೂ ಕೆಟ್ಟಿಲ್ಲ."

"ನಿಂತ ಗಡಿಯಾರಗಳೂ ಹಿಂದಿನ ದಿನ ಹಾಗೇ ಹೇಳಿರ್ತಾವೆ."

ಮೈಯೆಲ್ಲ ಉರಿದರೂ ಮಾತು ಸರಿಯಾಗಿತ್ತು. ಅಂದಿನಿಂದ ಒಂದು ನಿಯಮ ಮಾಡಿಕೊಂಡೆವು. ಸಂಜೆ ಕಾರ್ಡನ್ನು ರೀಡರಿಗೆ ಸಿಕ್ಕಿಸಿ ಫೋಟೋಗಳನ್ನು ನನ್ನ ಟ್ಯಾಬ್ಲೆಟ್‌ಗೆ ಇಳಿಸುವುದು. ಕೊನೆಯಲ್ಲಿ ಅದು "ಕಾರ್ಡಿನಲ್ಲಿರುವುದನ್ನು ಅಳಿಸಲೇ, ಉಳಿಸಲೇ?" ಎಂದು ಕೇಳುತ್ತದೆ. ಉಳಿಸು ಅನ್ನುವುದು. ಆಮೇಲೆ ಅವರು ಅದೇ ಕಾರ್ಡಿನಿಂದ ತಮ್ಮ ಪುಟ್ಟ ಡ್ರೈವಿಗೆ ಇನ್ನೊಂದು ಪ್ರತಿ ಮಾಡುತ್ತಾರೆ. ಟ್ಯಾಬ್ಲೆಟ್ ನನ್ನ ಬ್ಯಾಗಿನಲ್ಲಿ, ಡ್ರೈವ್ ಅವರ ಬ್ಯಾಗಿನಲ್ಲಿ. ಬಸ್ಸಿನಲ್ಲಿ ಎರಡೂ ಬ್ಯಾಗು ಒಂದೇ ಸೀಟಿನ ಕೆಳಗೆ ಇರಕೂಡದು.

ಆಗ ನಾನು ಅಜ್ಜಿಯ ಕಥೆ ಹೇಳಿದ್ದೆ. ಏಳು ಸಮುದ್ರದಾಚೆ ಒಂದು ಗುಹೆ, ಗುಹೆಯಲ್ಲಿ ಪಂಜರ, ಪಂಜರದಲ್ಲಿ ಗಿಳಿ, ಗಿಳಿಯಲ್ಲಿ ರಾಕ್ಷಸನ ಪ್ರಾಣ. ರಾಜಕುಮಾರ ಹೋಗಿ ಗಿಳಿಯ ಕತ್ತು ಹಿಸುಕಿದ, ರಾಕ್ಷಸ ದಬಕ್ಕನೆ ಬಿದ್ದ. "ಆರು ವರ್ಷದವಳಿದ್ದಾಗಲೇ ನನಗೆ ಆ ರಾಕ್ಷಸನ ಮೇಲೆ ಸಿಟ್ಟು. ಅಷ್ಟು ದೊಡ್ಡ ಮೈ ಇಟ್ಕೊಂಡು ಇನ್ನೊಂದು ಗಿಳಿ ಸಾಕೋಕೆ ಏನು ರೋಗ ಅವನಿಗೆ?"

ಅವರು ನಕ್ಕ ಸದ್ದಿಗೆ ಗೋಪುರದ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದು ಹೋದವು. ಆ ನಗುವನ್ನು ಕ್ಯಾಮೆರಾದಲ್ಲಿ ಹಿಡಿಯಲು ಆಗಲಿಲ್ಲ. ಇಂದಿಗೂ ಆ ಕೊರಗಿದೆ.

ಅಂದಿನಿಂದ ಡ್ರೈವಿನ ಹೆಸರು ಎರಡನೇ ಗಿಳಿ. ಸಂಜೆಯಾದರೆ ನಾನು, "ಗಿಳಿಗೆ ಊಟ ಆಯ್ತಾ?" ಅನ್ನುವುದು. ಅವರು ಎರಡೂ ಕಡೆಯ ಸಂಖ್ಯೆ ಹೋಲಿಸಿ, "ಆಯ್ತು, ಸಮ ಇದೆ" ಅನ್ನುವುದು. ಬರೀ ಸಂಖ್ಯೆ ನೋಡುವ ಮನುಷ್ಯ, ಚಿತ್ರ ನೋಡುವುದಿಲ್ಲ ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನಿಸಿಕೊಂಡಿದ್ದೆ.

ಆ ಧೈರ್ಯದಿಂದಲೇ ಎಲ್ಲ ಶುರುವಾಯಿತು. ಎರಡನೇ ದಿನ ಒಂದು ಸಣ್ಣ ಚಕ್ರಕ್ಕೆ ಫೋಕಸ್ ಮಾಡುತ್ತಿದ್ದೆ. ಅದರ ಹಿಂದೆ, ಗಡಿಯಾರದ ಗಾಜಿನಿಂದ ಬಂದ ಬಿಸಿಲಿನಲ್ಲಿ ಅವರ ಕಿವಿ ದಾಸವಾಳದ ಎಸಳಿನಂತೆ ಬೆಳಗಿತು. ಚಕ್ರ ಮಸುಕಾಯಿತು, ಕಿವಿ ಸ್ಪಷ್ಟವಾಯಿತು. ನನ್ನ ಬೆರಳು ನನ್ನನ್ನು ಕೇಳಲೇ ಇಲ್ಲ.

ಆಮೇಲೆ ದಿನಕ್ಕೆ ನಾಲ್ಕು, ಐದು, ಬರಬರುತ್ತಾ ಏಳು, ಎಂಟು. ಎಣ್ಣೆ ಮೆತ್ತಿದ ಮೊಣಕೈ. ಲೋಲಕದ ಬಡಿತ ಆಲಿಸುವಾಗ ಮುಚ್ಚಿಕೊಳ್ಳುವ ಕಣ್ಣು. ಆರನೇ ದಿನದಿಂದ ಅವರು ಧೂಳು ಹಿಡಿದ ಗೋಪುರಕ್ಕೆ ನುಣ್ಣಗೆ ಶೇವ್ ಮಾಡಿಕೊಂಡು, ಇಸ್ತ್ರಿ ಶರ್ಟು ಹಾಕಿಕೊಂಡು ಬರತೊಡಗಿದ್ದರು. ಯಾರೋ ಅಧಿಕಾರಿ ಬರುವವರಿರಬೇಕು ಎಂದುಕೊಂಡಿದ್ದೆ ದಡ್ಡಿ ನಾನು.

"ಕೇಳಿಸ್ತಾ ಇದೆಯೇನೇ?" ಅತ್ತಿಗೆಯ ದನಿ ತಗ್ಗಿತು. "ನಿಮ್ಮಣ್ಣ ಬಂದ್ರು. ಹುಷಾರು."

ಅಣ್ಣ ಕೂಗಾಡುವವನಲ್ಲ, ಅದೇ ಕಷ್ಟ. ಅಪ್ಪ ಹೋದ ಮೇಲೆ ನನ್ನ ಕೈಗೆ ಕ್ಯಾಮೆರಾ ಕೊಟ್ಟು, ಉಸಿರು ಬಿಗಿಹಿಡಿದು ಬಟನ್ ಒತ್ತಲು ಕಲಿಸಿದವನು ಅವನೇ.

"ನೋಡು ಪುಟ್ಟಿ," ಅಂದ ಮೆತ್ತಗೆ. "ಸಂಜೆ ಐದಕ್ಕೆ ಆಲ್ಬಮ್ ಬೈಂಡಿಂಗಿನವರ ಮನೆಯವರೆಲ್ಲ ಫ್ಯಾಮಿಲಿ ಫೋಟೋ ತೆಗೆಸ್ಕೊಳ್ಳೋಕೆ ಬರ್ತಿದ್ದಾರೆ. ಹುಡುಗನೂ ಬರ್ತಾನೆ. ಫೋಟೋ ಒಂದು ನೆಪ, ಮಾತುಕತೆ ಮುಗಿಸೋಕೇ ಬರ್ತಿರೋದು."

ಬೈಂಡಿಂಗಿನವರ ಮಗನಿಗೆ ನಾನು ಹೂಂ ಅಂದಿರಲಿಲ್ಲ. ಸುಮ್ಮನಿದ್ದೆ ಅಷ್ಟೆ. ಆ ಮೌನವನ್ನೇ ಒಪ್ಪಿಗೆ ಅಂತ ಪ್ರಿಂಟು ಹಾಕಿ ಫ್ರೇಮು ಕಟ್ಟಿಸಿಬಿಟ್ಟಿದ್ದರು.

"ಟಿವಿ ಆಫ್ ಮಾಡಣ್ಣ ಮತ್ತೆ."

"ಮಾಡ್ತಿದ್ದೆ. ಅಜ್ಜಿ ರಿಮೋಟ್ ಮೇಲೆ ಕೂತಿದ್ದಾಳೆ. 'ಇನ್ನೂ ಕಥೆ ಮುಗಿದಿಲ್ಲ, ಮುಂದೇನಾಗತ್ತೆ ನೋಡ್ಬೇಕು' ಅಂತಾಳೆ." ಅವನಿಗೆ ನಗು ಬರಲಿಲ್ಲ. "ಪ್ರಶ್ನೆ ಟಿವಿದಲ್ಲ. ನಾನೇ ಅಳಿಸಬಹುದು, ಅಳಿಸಲ್ಲ. ನೀನು ಅಳಿಸಬೇಕು. ಅಲ್ಲಿ ಅಳಿಸಿದ್ರೆ ಇಲ್ಲೂ ಹೋಗತ್ತೆ, ನೀನು ನನ್ನ ಮಾತಿಗೆ ಬೆಲೆ ಕೊಟ್ಟೆ ಅಂತ ನನಗೆ ಗೊತ್ತಾಗತ್ತೆ. ಐದು ಗಂಟೆ ಒಳಗೆ. ಇಲ್ಲಾಂದ್ರೆ ವಾಪಸ್ ಬಂದು ಕ್ಯಾಮೆರಾ ಕೌಂಟರ್ ಮೇಲೆ ಇಟ್ಟುಬಿಡು. ಸ್ಟುಡಿಯೋ ಕೆಲಸ ನಿನಗೆ ಬೇಡ."

ಫೋನ್ ಇಟ್ಟ.

ನಾನು ಟ್ಯಾಬ್ಲೆಟ್ ಎಳೆದುಕೊಂಡೆ. ಗಡಿಯಾರದವರ ಫೋಟೋಗಳನ್ನೆಲ್ಲ ಆರಿಸಿದೆ. ಒಂದೊಂದರ ಮೇಲೂ ನೀಲಿ ಗುರುತು ಬಿತ್ತು. ಅರವತ್ತೊಂದು. ಇಷ್ಟೊಂದಾ? ಮೂಲೆಯಲ್ಲಿ ಪುಟ್ಟ ಕಸದ ಬುಟ್ಟಿಯ ಚಿತ್ರ ಕಾಯುತ್ತಿತ್ತು.

"ಅಳಿಸಿಬಿಡಿ."

ಬಾಗಿಲಲ್ಲಿ ಗಡಿಯಾರದವರು ನಿಂತಿದ್ದರು. ಕೈಯಲ್ಲಿ ಎಣ್ಣೆ ಬಟ್ಟೆ. ಅಣ್ಣನ ದನಿ ಸಣ್ಣದಾದರೂ ಈ ಫೋನಿನದು ದೊಡ್ಡ ಗಂಟಲು, ಎಲ್ಲ ಕೇಳಿಸಿತ್ತು.

"ನನ್ನ ದೆಸೆಯಿಂದ ನಿಮ್ಮ ಮನೇಲಿ ಜಗಳ ಯಾಕೆ? ಅಳಿಸಿ ಫೋಟೋದವರೇ."

"ಓಹೋ! ನೀವೂ ನಮ್ಮಣ್ಣನ ಪಾರ್ಟಿನಾ?" ತಿರುಗಿಬಿದ್ದೆ. "ನಿಮ್ಮನ್ನ ಕೇಳಿ ತೆಗೆದಿಲ್ಲ, ನಿಜ. ಅದಕ್ಕೆ ಬೈಯಿರಿ, ಬೈಸಿಕೊಳ್ತೀನಿ. ಆದ್ರೆ ಅಳಿಸಿ ಅಂತ ಅಷ್ಟು ಸಲೀಸಾಗಿ ಹೇಳ್ಬೇಡಿ. ನಿಮಗೇನು, ನೀವು ನೋಡೇ ಇಲ್ಲ!"

ಅವರು ಎಣ್ಣೆ ಬಟ್ಟೆಯನ್ನು ಮಡಚಿದರು. ಬಿಚ್ಚಿದರು. ಮತ್ತೆ ಮಡಚಿದರು.

"ನೋಡಿದ್ದೀನಿ."

"ಯಾವಾಗ?"

"ದಿನಾ ಸಂಜೆ. ಗಿಳಿಗೆ ಊಟ ಹಾಕೋವಾಗ." ಅವರು ನನ್ನ ಕಡೆ ನೋಡಲೇ ಇಲ್ಲ, ಆದರೆ ಆ ಕಿವಿ ಬಿಸಿಲಿಲ್ಲದೆಯೂ ಕೆಂಪಾಗಿತ್ತು. "ಮೊದಲು ಅಂದ್ಕೊಂಡೆ, ಕೈತಪ್ಪಿ ಬಂದಿರಬೇಕು ಅಂತ. ಐದನೇ ದಿನ ಏಳು ಇದ್ದವು. ಏಳು ಸಲ ಯಾರೂ ಕೈ ತಪ್ಪಲ್ಲ. ಆರನೇ ದಿನದಿಂದ ಶೇವ್ ಮಾಡ್ಕೊಂಡು ಬರ್ತಿದ್ದೀನಿ, ಒಂದು ಮಾತಾದ್ರೂ ಆಡಿದ್ರಾ ನೀವು?"

"ಅಯ್ಯೋ, ಆ ಇಸ್ತ್ರಿ ಶರ್ಟು..."

"ಹೂಂ. ಅಧಿಕಾರಿಗಳಿಗೆ ಹಾಕ್ಕೊಂಡಿದ್ದಲ್ಲ."

ಮೇಜಿನ ಮೇಲೆ ಹಲ್ಲುಚಕ್ರವೊಂದು ಬಿಸಿಲು ಕಾಯಿಸುತ್ತಾ ಕೂತಿತ್ತು. ಇಬ್ಬರೂ ಅದನ್ನೇ ನೋಡಿದೆವು.

"ಅದಕ್ಕೇ ಹೇಳಿದ್ದು ಅಳಿಸಿ ಅಂತ," ಅವರೆಂದರು. "ಅರವತ್ತೊಂದೂ ನನ್ನ ಬ್ಯಾಗಲ್ಲಿ ಭದ್ರವಾಗಿವೆ. ನಿಮ್ಮಣ್ಣನಿಗೆ ಸಮಾಧಾನ, ನಿಮಗೆ ಕ್ಯಾಮೆರಾ. ಯಾರಿಗೂ ಗೊತ್ತಾಗಲ್ಲ."

ಎಷ್ಟು ಸುಲಭ! ಬೆರಳು ಕಸದ ಬುಟ್ಟಿಯ ಮೇಲೆಯೇ ಇತ್ತು. ಒಂದು ಒತ್ತು, ಅಷ್ಟೇ. ಏನೂ ಕಳೆಯುವುದಿಲ್ಲ. ಗಿಳಿ ಗುಹೆಯಲ್ಲಿ ಸುಖವಾಗಿರುತ್ತದೆ. ಏಳು ಸಮುದ್ರದಾಚೆ, ಯಾರ ಕಣ್ಣಿಗೂ ಬೀಳದೆ.

ಆಗ ಹೊಳೆಯಿತು, ಇಷ್ಟು ವರ್ಷ ನಾನು ರಾಕ್ಷಸನನ್ನು ಬೈದದ್ದು ತಪ್ಪು ಕಾರಣಕ್ಕೆ. ಒಂದೇ ಗಿಳಿ ಸಾಕಿದ್ದಕ್ಕೆ ಅವನು ಸಾಯಲಿಲ್ಲ. ಪ್ರಾಣವನ್ನು ಬಚ್ಚಿಟ್ಟಿದ್ದ, ಅದಕ್ಕೇ ಸತ್ತ. ಎದೆಯಲ್ಲಿಟ್ಟುಕೊಂಡು ಓಡಾಡಿದ್ದರೆ ಆ ರಾಜಕುಮಾರ ಎದುರಿಗೆ ನಿಂತು ಹೋರಾಡಬೇಕಾಗುತ್ತಿತ್ತು.

ನಾನು ನೀಲಿ ಗುರುತುಗಳನ್ನೆಲ್ಲ ತೆಗೆದುಹಾಕಿದೆ.

"ಅಳಿಸಲ್ಲ," ಅಂದೆ. "ಗಿಳಿ ಇರೋದು ಕಾರ್ಡ್ ಕೆಟ್ಟರೆ ಅಂತ. ನನಗೆ ಧೈರ್ಯ ಕೆಟ್ಟರೆ ಅಂತ ಅಲ್ಲ. ನೀವು ಗಡಿಯಾರ ಎಷ್ಟು ಗಂಟೆಗೆ ಓಡಿಸ್ತೀರಿ?"

"ಐದಕ್ಕೆ."

"ಒಳ್ಳೇದಾಯ್ತು. ನಿಮ್ಮ ಮೊಬೈಲಲ್ಲಿ ಹಾಟ್‌ಸ್ಪಾಟ್ ಇದೆಯಾ?"

ಐದಕ್ಕೆ ಹತ್ತು ನಿಮಿಷವಿತ್ತು. ಗೋಪುರದ ತುದಿ. ಗಾಜಿನ ಬಿಲ್ಲೆಯ ಹಿಂದೆ ನಿಂತರೆ ಊರಿಗೆ ನೆಟ್ಟಗೆ ಕಾಣುವ ಅಂಕಿಗಳೆಲ್ಲ ನಮಗೆ ತಿರುಗುಮುರುಗು. ಕೊನೆಯ ಚಕ್ರ ಕೂರಿಸಿ ಅವರು ಕೈ ಒರೆಸಿಕೊಂಡರು. ನಾನು ಕ್ಯಾಮೆರಾವನ್ನು ಮೆಟ್ಟಿಲಿನ ಮೇಲಿಟ್ಟು ಟೈಮರ್ ಹಾಕಿದೆ.

"ಏನು ಮಾಡ್ತಿದ್ದೀರಿ?"

"ಅರವತ್ತೆರಡನೇದು. ಇದರಲ್ಲಿ ನಾನೂ ಇರ್ತೀನಿ. ನಿಲ್ಲಿ."

"ತಲೆ ಬಾಚಿಲ್ಲ..."

"ಹತ್ತು ಸೆಕೆಂಡ್ ಇದೆ. ಬಾಚ್ಕೊಳ್ಳೋದೋ, ನನ್ನ ಪಕ್ಕ ನಿಲ್ಲೋದೋ, ಒಂದು ಆರಿಸ್ಕೊಳ್ಳಿ."

ಅವರು ಬಂದು ನಿಂತರು. ಕೆಂಪು ದೀಪ ಮಿಟುಕಿಸುತ್ತಿತ್ತು. ಎಣ್ಣೆಯ ವಾಸನೆಯ ಒಂದು ಕೈ ನನ್ನ ಕೈಯ ಪಕ್ಕ ಬಂದು, ಅನುಮಾನಿಸಿ, ನಿಂತುಬಿಟ್ಟಿತು. ಅಲ್ಲೇ ನಿಲ್ಲಲು ಬಿಡುವವಳೇ ನಾನು? ಹಿಡಿದುಕೊಂಡೆ.

ಕ್ಲಿಕ್.

ಕಾರ್ಡ್ ತೆಗೆದು ರೀಡರಿಗೆ ಸಿಕ್ಕಿಸಿದೆ. ಟ್ಯಾಬ್ಲೆಟ್ಟಿನಲ್ಲಿ ಒಂದೇ ಒಂದು ಫೋಟೋ ಇಳಿಯಿತು. ಅಳಿಸಲೇ, ಉಳಿಸಲೇ? ಉಳಿಸು. ಹಾಟ್‌ಸ್ಪಾಟಿನ ಬಡಕಲು ಕುದುರೆ ಕುಂಟುತ್ತಾ ಹೊರಟಿತು. ಕಾಲು ಭಾಗ. ಅರ್ಧ. ಅವರು ಲೋಲಕಕ್ಕೆ ಬೆರಳು ತಾಗಿಸಿ ನನ್ನನ್ನು ನೋಡಿದರು. ನಾನು ತಲೆಯಾಡಿಸಿದೆ.

ಮುಳ್ಳು ನಡುಗಿತು. ಕಾಲಡಿಯ ಹಲಗೆ ಗುಂಯ್ಗುಟ್ಟಿತು. ಗಂಟೆ ಮೊದಲ ಪೆಟ್ಟು ಹೊಡೆದಾಗಲೇ ಫೋಟೋ ಪೂರ್ತಿ ಹೋಯಿತು. ಎರಡನೇ ಪೆಟ್ಟಿಗೆ ನನ್ನ ಫೋನ್ ರಿಂಗಾಗತೊಡಗಿತು.

ಐದೂ ಮುಗಿಯುವವರೆಗೆ ನಾನು ಎತ್ತಲಿಲ್ಲ.

"ಅಣ್ಣ."

ಆ ಕಡೆ ಬಹಳ ಜನರ ಸದ್ದು. ಅಜ್ಜಿ ಯಾರಿಗೋ ಹೇಳುತ್ತಿದ್ದರು, "ಅವಳೇ ನನ್ನ ಮೊಮ್ಮಗಳು, ಪಕ್ಕದಲ್ಲಿರೋದು ಅದೇ ಕಿವಿ. ಕೂತ್ಕೊಳ್ಳಿ, ಶುರುವಿನಿಂದ ಹೇಳ್ತೀನಿ."

"ಅಣ್ಣ, ಅವರಿಗೆ ಹೇಳಿಬಿಡು. ನಾನು ಹೂಂ ಅಂದಿರಲಿಲ್ಲ, ಈಗ ಊಹೂಂ ಅಂತಿದ್ದೀನಿ. ಕ್ಯಾಮೆರಾ ನೀನು ಕೊಟ್ಟಿದ್ದು, ವಾಪಸ್ ತಂದಿಡ್ತೀನಿ. ನೋಡೋದು ಕಲಿಸಿದವನೂ ನೀನೇ. ಅದನ್ನ ಮಾತ್ರ ವಾಪಸ್ ಕೊಡಕ್ಕಾಗಲ್ಲ."

ಅವನ ಉಸಿರು ಮಾತ್ರ ಕೇಳುತ್ತಿತ್ತು, ಬಟನ್ ಒತ್ತುವ ಮುಂಚೆ ಬಿಗಿಹಿಡಿಯಬೇಕು ಎಂದು ಕಲಿಸಿದ್ದನಲ್ಲ, ಅದೇ ಉಸಿರು.

ಕೊನೆಗೆ ಗಂಟಲು ಸರಿಮಾಡಿಕೊಂಡ.

"ಫ್ರೇಮು ಎಡಗಡೆ ಒಂಚೂರು ಓರೆ ಇದೆ."

"ಇಲ್ಲಿ ಮೆಟ್ಟಿಲೇ ಓರೆ ಅಣ್ಣ."

"ಕೆಳಗೆ ಮಡಚಿದ ಕಾಗದ ಇಡಬೇಕು ಅಂತ ಎಷ್ಟು ಸಲ ಹೇಳಿಕೊಟ್ಟಿದ್ದೀನಿ..." ಅಲ್ಲಿಗೆ ದನಿ ನಿಂತಿತು. "ಇನ್ನೊಂದು ತೆಗಿ. ನೆಟ್ಟಗೆ."

ಫೋನ್ ಇಟ್ಟುಬಿಟ್ಟ. ಕ್ಯಾಮೆರಾದ ಮಾತೆತ್ತಲಿಲ್ಲ.

ತಿರುಗಿ ನೋಡಿದರೆ ಗಡಿಯಾರದವರು ಆಗಲೇ ತಮ್ಮ ಪುಟ್ಟ ಡ್ರೈವ್ ತೆಗೆದು ಕೈ ಚಾಚಿ ನಿಂತಿದ್ದರು.

"ಕಾರ್ಡ್ ಕೊಡು," ಅಂದರು. ಕೊಡಿ ಅನ್ನಲಿಲ್ಲ. "ಗಿಳಿ ಹಸ್ಕೊಂಡಿದೆ."

"ಇರು," ಅಂದೆ, ಮೆಟ್ಟಿಲಿನ ಮೇಲೆ ಕಾಗದ ಮಡಚಿಡುತ್ತಾ. "ಇನ್ನೊಂದು ಇದೆ."