ಮನೆಗೆ ಬಾರದ ಸಂಖ್ಯೆ

ಎರಡು ಕಿಲೋಮೀಟರ್ ಬಂಡೆಯ ಕೆಳಗೆ, ಎಂದೋ ಮುಚ್ಚಿದ ಚಿನ್ನದ ಗಣಿಯ ಸುರಂಗದಲ್ಲಿ, ಆ ಯಂತ್ರ ಹನ್ನೊಂದು ನಿಮಿಷ ತಡಕಾಡಿ ಇಪ್ಪತ್ತಾರು ಅಂಕಿಗಳ ಒಂದು ಸಂಖ್ಯೆಯನ್ನು ಪರದೆಯ ಮೇಲೆ ಇಟ್ಟಿತು. ಯಂತ್ರ ನಡೆಸುವ ಡಾ. ಸುಗುಣಾ ಅದನ್ನು ಎರಡೆರಡು ಸಲ ಓದಿದಳು. ನಾಳೆ ಬೆಳಿಗ್ಗೆ ತಿಮ್ಮರಾಯಪ್ಪ ಮೇಷ್ಟ್ರು ಬರುತ್ತಾರೆ. ಅವರ ಮುಖ ನೋಡಿಕೊಂಡು ಇದನ್ನು ಹೇಗಪ್ಪಾ ಹೇಳುವುದು?

ಕ್ವಾಂಟಮ್ ಗಣಕ ಬಲು ನಾಜೂಕಿನ ವಸ್ತು. ಆಕಾಶದಿಂದ ಸದಾ ಸುರಿಯುವ ವಿಶ್ವಕಿರಣದ ಒಂದು ಕಣ ತಾಕಿದರೂ ಲೆಕ್ಕವೆಲ್ಲ ಕಲಸುಮೇಲೋಗರ. ಅದಕ್ಕೇ ಅದನ್ನು ಪಾತಾಳಕ್ಕೆ ಇಳಿಸಿದ್ದರು. ಮಾಮೂಲಿ ಕಂಪ್ಯೂಟರ್ ಸಾಧ್ಯತೆಗಳನ್ನು ಒಂದೊಂದಾಗಿ ಹುಡುಕಿದರೆ, ಇದು ಕೋಟ್ಯಂತರ ಸಾಧ್ಯತೆಗಳನ್ನು ಕೆರೆಯ ಅಲೆಗಳಂತೆ ಒಟ್ಟಿಗೇ ಎಬ್ಬಿಸುತ್ತದೆ. ತಪ್ಪು ಉತ್ತರಗಳು ಒಂದನ್ನೊಂದು ಅಡಗಿಸಿ, ಸರಿಯಾದದ್ದು ಮಾತ್ರ ಮೇಲೇಳುತ್ತದೆ.

ಮೇಷ್ಟ್ರು ಹೈಸ್ಕೂಲಿನಲ್ಲಿ ಅವಳಿಗೆ ಗಣಿತ ಕಲಿಸಿದವರು. ವಿಚಿತ್ರ ಆಸಾಮಿ! ಸಂಖ್ಯೆಗಳಿಗೂ ಬಹುವಚನ ಕೊಟ್ಟೇ ಮಾತಾಡುತ್ತಿದ್ದರು. “ಎಪ್ಪತ್ತಮೂರು ಇದ್ದಾರಲ್ಲ, ಅವರು ಸ್ವಲ್ಪ ಸುತ್ತಾಡ್ಕೊಂಡು ಬರ್ತಾರೆ” ಎನ್ನುವರು. ಅವರದೊಂದು ಆಟವಿತ್ತು. ಸಂಖ್ಯೆ ಸಮವಾದರೆ ಅರ್ಧ ಮಾಡು, ಬೆಸವಾದರೆ ಮೇಷ್ಟ್ರದೇ ಸೂತ್ರದಂತೆ ಹಿಗ್ಗಿಸು. ಹೀಗೇ ಮಾಡುತ್ತಾ ಹೋದರೆ ಎಲ್ಲ ಸಂಖ್ಯೆಗಳೂ ಕೊನೆಗೆ ‘ಒಂದು’ ಎಂಬಲ್ಲಿಗೆ ಬಂದು ಮುಟ್ಟುತ್ತವೆ ಎಂಬುದು ಅವರ ನಂಬಿಕೆ. ಅದಕ್ಕವರು ‘ಮನೆಗೆ ಬರೋದು’ ಎನ್ನುತ್ತಿದ್ದರು. ಬಾರದಿರುವ ಸಂಖ್ಯೆಯೇ ಇಲ್ಲವೆಂದು ಸಾಧಿಸಲು ಐವತ್ತು ವರ್ಷ ಸೀಮೆಸುಣ್ಣ ಸವೆಸಿದ್ದರು. ಯಂತ್ರ ಹುಡುಕಿಕೊಟ್ಟದ್ದು ಅಂಥದೇ ಒಂದನ್ನು.

ಗಣಿಯ ಬಾಯಲ್ಲಿ ನಂಬರು ಹಾಕಿದ ಮೊಳೆಗಳ ಹಳೆಯ ಹಲಗೆ ಇನ್ನೂ ಇತ್ತು. ಇಳಿಯುವವರು ಒಂದು ಹಿತ್ತಾಳೆ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಮೇಲೆ ಬಂದಮೇಲೆ ಅದೇ ಮೊಳೆಗೆ ನೇತುಹಾಕಬೇಕು. ಮೊಳೆ ಖಾಲಿಯಿದ್ದರೆ ಯಾರೋ ಇನ್ನೂ ಕೆಳಗಿದ್ದಾರೆ ಎಂದರ್ಥ. ಇನ್ನೂರ ಹತ್ತೊಂಬತ್ತನೆಯ ಮೊಳೆ ಎಪ್ಪತ್ತನಾಲ್ಕು ವರ್ಷದಿಂದ ಖಾಲಿ. ಬಂಡೆ ಕುಸಿದ ದಿನ ಆ ಬಿಲ್ಲೆ ಒಯ್ದವರು ಮೇಷ್ಟ್ರ ಅಪ್ಪ. ಮಗನಿಗೆ ಆಗ ಏಳು ವರ್ಷ.

ಮರುದಿನ ಮೇಷ್ಟ್ರು ಆ ಮೊಳೆಯನ್ನೊಮ್ಮೆ ನೋಡಿ, ತಮ್ಮ ಬಿಲ್ಲೆ ತೆಗೆದುಕೊಂಡು ಇಳಿದರು.

“ಸಾರ್, ಯಂತ್ರ ಯಾಕೋ ಕೆಟ್ಟಿದೆ...” ಎಂದಳು ಸುಗುಣಾ.

“ಎಂಟನೇ ಕ್ಲಾಸಲ್ಲೂ ಸುಳ್ಳು ಹೇಳೋವಾಗ ಹಿಂಗೇ ಕಿವಿ ಮುಟ್ಕೋತಿದ್ದೆ. ತೋರಿಸಮ್ಮ.”

ತೋರಿಸಿದಳು. ಮೇಷ್ಟ್ರು ಪರದೆಗೆ ಬಗ್ಗಿ ಓದಿಕೊಂಡರು. ಜೇಬಿನಿಂದ ಸೀಮೆಸುಣ್ಣ ತೆಗೆದು ಸುರಂಗದ ಗೋಡೆಯ ಮೇಲೆ ತಾವೇ ಲೆಕ್ಕ ಹಿಡಿದರು. ಇಂಥ ಸಂಖ್ಯೆಯನ್ನು ಹುಡುಕಲು ಯಂತ್ರವೇ ಬೇಕು, ಸಿಕ್ಕಮೇಲೆ ಸರಿಯೇ ಎಂದು ನೋಡಲು ಒಂದು ತುಂಡು ಸೀಮೆಸುಣ್ಣ ಸಾಕು. ಅರ್ಧ, ಹಿಗ್ಗು, ಅರ್ಧ, ಅರ್ಧ. ಗಂಟೆಗಳು ಕಳೆದವು. ಎಂಬತ್ತೊಂದರ ಮೇಷ್ಟ್ರು ನಿಂತೇ ಬರೆದರು. ಕುರ್ಚಿ ತಂದರೆ ಬೇಡವೆಂದರು. ಸುಗುಣಾಳಿಗೆ ಅಳು ಬಂತು. ಯಾಕಾದರೂ ಕರೆಸಿದೆನೋ ಎನ್ನಿಸಿತು.

ನೂರ ಎಂಬತ್ತನಾಲ್ಕನೆಯ ಹೆಜ್ಜೆಯಲ್ಲಿ ಕೈ ನಿಂತಿತು. ಗೋಡೆಯ ಆ ತುದಿಯಲ್ಲಿ ಮೊದಲು ಬರೆದ ಸಂಖ್ಯೆಯೇ, ಒಂದಂಕಿಯೂ ತಪ್ಪದೆ, ಈ ತುದಿಯಲ್ಲೂ ಬಂದು ನಿಂತಿತ್ತು. ಅದು ಎಂದಿಗೂ ‘ಒಂದು’ ಮುಟ್ಟುವುದಿಲ್ಲ. ತನ್ನಿಂದ ಹೊರಟು ತನ್ನಲ್ಲಿಗೇ ಬರುತ್ತದೆ, ಮತ್ತೆ ಹೊರಡುತ್ತದೆ.

ಮೇಷ್ಟ್ರು ಗೋಡೆಗೆ ಕೈ ಮುಗಿದರು. ಕಣ್ಣಲ್ಲಿ ನೀರು, ಮುಖದಲ್ಲಿ ಎಂಥದೋ ಬೆಳಕು.

“ಅಬ್ಬಾ! ಭೂಮಿ ಹುಟ್ಟೋಕೆ ಮುಂಚೆಯಿಂದ ಹೀಗೇ ನಡೀತಿದ್ದಾರಲ್ಲಮ್ಮ ಇವರು. ನಾವೇ ಮೊದಲು ನೋಡಿದ್ದು.”

“ನಿಮ್ಮ ಐವತ್ತು ವರ್ಷ ಸಾರ್...”

“ಹೋಗಲಿ ಬಿಡು. ಬರದೇ ಇದ್ದೋರೆಲ್ಲ ಕಳೆದುಹೋದ್ರು ಅಂತ ಹೆದರಿಕೊಂಡಿದ್ದೆ. ಇವರು ಕಳೆದುಹೋಗಿಲ್ಲ ಕಣಮ್ಮ. ನಮ್ಮನೆಗೆ ಬರಲಿಲ್ಲ, ಅಷ್ಟೇ.”

ಮೇಲೆ ಬಂದು ಬಿಲ್ಲೆಯನ್ನು ಅದರ ಮೊಳೆಗೆ ಹಾಕಿದರು. ಪಕ್ಕದ ಸಾಲಿನ ಖಾಲಿ ಮೊಳೆಯನ್ನು ಬೆರಳಿಂದ ಮೆಲ್ಲಗೆ ಸವರಿ, ಕಾಫಿ ಕುಡಿಯೋಣ ಬಾ ಎಂದರು.

ಇದೆಲ್ಲ ಇನ್ನು ಇಪ್ಪತ್ತೈದು ವರ್ಷ ಮುಂದಿನ ಮಾತು. ಇವತ್ತಿಗೆ ಆ ಯಂತ್ರ ಹುಟ್ಟಿಲ್ಲ, ಸುರಂಗದಲ್ಲಿ ನೀರು ನಿಂತಿದೆ. ಐವತ್ತಾರರ ಮೇಷ್ಟ್ರು ಎಂಟನೇ ಕ್ಲಾಸಿನ ಬೋರ್ಡಿನ ಮೇಲೆ ಎಪ್ಪತ್ತಮೂರನ್ನು ಮನೆಗೆ ಕರೆತರುತ್ತಿದ್ದಾರೆ. ಮುಂದಿನ ಬೆಂಚಿನ ಸುಗುಣಾ ಎಂಬ ಹುಡುಗಿ ಕೈಯೆತ್ತುತ್ತಾಳೆ.

“ಸಾರ್, ಬಾರದೇ ಇರೋರು ಒಬ್ಬರೂ ಇಲ್ವಾ?”

“ಇಲ್ಲಮ್ಮ” ಎನ್ನುತ್ತಾರೆ ಮೇಷ್ಟ್ರು. ಅವರು ಹಾಗೆನ್ನುವ ಹೊತ್ತಿಗೂ ಇಪ್ಪತ್ತಾರು ಅಂಕಿಯ ಒಬ್ಬರು ತಮ್ಮ ಪಾಡಿಗೆ ತಾವು ನಡೆಯುತ್ತಲೇ ಇದ್ದಾರೆ.