ಹನ್ನೊಂದು ಫೋಟೊ, ಒಂದು ತಾಳ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇನ್ನಂಜೆಯಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಉಂಟು. ನಮ್ಮ ಭಜನಾ ಮಂಡಳಿಯ ಐವತ್ತನೇ ವರ್ಷದ ಸ್ಲೈಡ್‌ಶೋ ಮಾಡಲು ಅಧ್ಯಕ್ಷ ದಾಮೋದರಣ್ಣ ಹಳೆಯ ಫೋಟೊಗಳನ್ನು ತಂದರು. ಹನ್ನೊಂದರಲ್ಲಿ ಮನೋರಮಕ್ಕ ತಾಳ ಹಿಡಿದು ನಿಂತಿದ್ದರು. ಮಂಡಳಿ ಕಟ್ಟಿದವರೇ ಅವರು. ಅವರ ತಾಳ ಬೀಳದೆ ಯಾರೂ ಸ್ವರ ಎತ್ತುವಂತಿರಲಿಲ್ಲ. ಜಗಳ ಮಾಡಿ ಅವರನ್ನು ಹೊರಗೆ ಹಾಕಿದ್ದು ದಾಮೋದರಣ್ಣ. ಅಕ್ಕ ತೀರಿಕೊಂಡು ಮೂರು ವರ್ಷವಾಗಿತ್ತು.

"ಅವಳನ್ನು ತೆಗೆದುಬಿಡು ಮಾರಾಯ. ಹಿಂದೆ ಎಂತಾದರೂ ಮ್ಯೂಸಿಕ್ ಹಾಕು, ಯಾರಿಗೂ ಗೊತ್ತಾಗುವುದಿಲ್ಲ" ಎಂದರು.

ನಾನು ಅಕ್ಕನನ್ನು ಕತ್ತರಿಸಿ ತೆಗೆದೆ. ಬರೀ ಕೊಳಲು ಹಾಕಿದೆ.

ಸಭೆಯಲ್ಲಿ, ಬೆಳಿಗ್ಗೆ ಹನ್ನೊಂದು ಗಂಟೆಗೆ, ಕತ್ತರಿಸಿದ ಮೊದಲ ಫೋಟೊ ಬಂದಾಗ ಕೊಳಲಿನ ನಡುವೆ ತಾಳ ಒಮ್ಮೆ ಬಡಿಯಿತು. ಎರಡನೆಯದಕ್ಕೂ ಬಡಿಯಿತು. ಸ್ಪೀಕರಿನ ವೈರ್ ಕಿತ್ತೆ. ಕೊಳಲು ನಿಂತಿತು, ತಾಳ ನಿಲ್ಲಲಿಲ್ಲ. ಹನ್ನೊಂದು ಸಲ ಬಡಿದು ಸುಮ್ಮನಾಯಿತು.

ಆಮೇಲೆ ದಾಮೋದರಣ್ಣ ಹಾಡಲು ಎದ್ದು ಬಾಯಿ ತೆರೆದರು. ಸ್ವರ ಬರಲಿಲ್ಲ. ಇವತ್ತಿಗೂ ಬಂದಿಲ್ಲ, ಗಂಟಲಿಗೆ ಎಂತದೂ ಆಗಿಲ್ಲ ಎನ್ನುತ್ತಾರೆ ಡಾಕ್ಟರು.

ಹೇಳಿದವರು ಅವರು, ಕತ್ತರಿಸಿದವನು ನಾನು. ನಿನ್ನೆ ಸ್ಟುಡಿಯೊದಲ್ಲಿ ಕರೆಂಟ್ ಇಲ್ಲದೆ ಎಲ್ಲವೂ ಆಫ್ ಆಗಿದ್ದಾಗ, ನನ್ನ ಬೆನ್ನ ಹಿಂದೆ ಹನ್ನೆರಡನೆಯದು ಬಡಿಯಿತು.